ಬೀಜದ ಗಡಿಗೆಯಲ್ಲಿ ಐದು ಫ್ಲಾಪಿ

ಕಲಬುರಗಿಯ ತಾಜಸುಲ್ತಾನಪುರ ರಸ್ತೆಯ ಕಡೆಯ ಓಣಿಯಲ್ಲಿ ಅಣವೀರಪ್ಪನವರ ಮನೆ. ಆ ಮನೆಯ ಕಂಪ್ಯೂಟರಿಗೆ ಪ್ರತಿ ಸೋಮವಾರ ರಜೆ. ಉಳಿದ ಆರು ದಿನ ಅದು ದುಡಿಯಬೇಕು, ಸೋಮವಾರ ಮಾತ್ರ ಅದರ ಮೇಲೆ ಒಂದು ಅಕ್ಷರದ ಭಾರವನ್ನೂ ಹಾಕುವಂತಿಲ್ಲ. ಯಾಕ್ರಿ ಹಿಂಗ ಎಂದು ಓಣಿಯವರು ಕೇಳಿದರೆ ಅಣವೀರಪ್ಪ ನೆಟ್ಟಗೆ ಹೇಳುತ್ತಿದ್ದರು: "ನಮ್ಮ ಮನ್ಯಾಗ ಸೋಮಾರ ಎತ್ತಿನ ಹೆಗಲ ಮ್ಯಾಲ ನೊಗ ಇಡಂಗಿಲ್ರಿ. ಇದೂ ದುಡಿಯೋದೇ ಅಲ್ಲೇನು? ಇದಕ್ಯಾಕ ಬ್ಯಾರೆ ಕಾನೂನು?"

ಹತ್ತಿರದ ಕಮಲಾಪುರದ ಒಕ್ಕಲು ಮನೆಯಲ್ಲಿ ಎರಡನೆಯ ಮಗನಾಗಿ ಹುಟ್ಟಿದವರು ಅವರು. ಅಣ್ಣ ಮಲ್ಲಣ್ಣ ಹೊಲ ಹಿಡಿದರು, ತಮ್ಮ ಅಣವೀರಪ್ಪ ಮೆಟ್ರಿಕ್ ಮುಗಿಸಿ ದನದ ದವಾಖಾನೆಯಲ್ಲಿ ಕಂಪೌಂಡರ್ ಆದರು. ಮೂವತ್ತೊಂದು ವರ್ಷದ ನೌಕರಿ. ಡಾಕ್ಟರು ಇದ್ದ ದಿನ ಔಷಧಿ ಕಲಸುವುದು, ಇಲ್ಲದ ದಿನ ತಾವೇ ಕೈ ತೊಳೆದುಕೊಂಡು ನಿಲ್ಲುವುದು. ಯಾವ ಊರಿನ ಯಾರ ಎತ್ತಿಗೆ ಏನಾಗಿತ್ತು, ಏನು ಕೊಟ್ಟೆವು, ಉಳಿಯಿತೋ ಇಲ್ಲವೋ ಎಂಬುದನ್ನೆಲ್ಲ ಅಂಗಿಯ ಜೇಬಿನ ಡೈರಿಯಲ್ಲಿ ಬರೆಯುತ್ತಿದ್ದರು. ವರ್ಷಕ್ಕೊಂದು ಡೈರಿ. ನಿವೃತ್ತಿಯ ದಿನ ಹಾರ, ಶಾಲು, ಒಂದು ಗೋಡೆ ಗಡಿಯಾರದ ಜೊತೆ ಮೂವತ್ತೊಂದು ಡೈರಿಯ ಗಂಟನ್ನೂ ಮನೆಗೆ ತಂದರು.

ಆ ಗಂಟಿನೊಳಗೆ ಒಂದು ಪುಸ್ತಕವಿದೆ ಎಂದು ಮೊದಲು ಹೇಳಿದವರು ಹೆಂಡತಿ ಜಯದೇವಿ. "ಇದ್ರಾಗಿಂದು ನಿಮಗೊಬ್ಬರಿಗೇ ಗೊತ್ತಿದ್ರ ಏನ್ ಬಂತ್ರಿ? ಬರೀರಿ, ನಾಕು ಮಂದಿ ಓದಲಿ" ಎಂದರು. ಹಾಗೆ ಎರಡು ಸಾವಿರದ ಇಸವಿಯಲ್ಲಿ ದರ್ಗಾದ ಹತ್ತಿರದ ರೋಜಾ ಬಡಾವಣೆಯ ಒಂದು ಸಣ್ಣ ಅಂಗಡಿಯಿಂದ ಹಳೆಯ ಕಂಪ್ಯೂಟರ್ ಮನೆಗೆ ಬಂತು. ಅಂಗಡಿಯ ಸಾಯಬಣ್ಣ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಆಮೇಲೆ ಟಿ.ವಿ., ಈಗ ಕಂಪ್ಯೂಟರ್. ಕನ್ನಡ ಅಕ್ಷರ ಹಾಕಿ ಕೊಟ್ಟು, ಎರಡು ದಿನ ಮನೆಗೇ ಬಂದು ಕಲಿಸಿ ಹೋದರು. ಅಣವೀರಪ್ಪ ಎರಡು ಬೆರಳಲ್ಲಿ ಟೈಪ್ ಮಾಡತೊಡಗಿದರು. ಮೊದಲ ವಾರ ಒಂದು ಪುಟ. ಮೂರನೆಯ ವರ್ಷದ ಯುಗಾದಿಯ ಹೊತ್ತಿಗೆ ಐದು ಅಧ್ಯಾಯ, ನೂರಾ ನಲವತ್ತು ಪುಟ, ಜೊತೆಗೆ ತಾವೇ ಬಿಡಿಸಿದ ಗೊರಸು, ಹಲ್ಲು, ಹೆಗಲುಗಳ ಚಿತ್ರ.

ಸೋಮವಾರದ ರಜೆ ಎಂದರೆ ಸುಮ್ಮನೆ ಬಿಡುವುದಲ್ಲ. ಎತ್ತಿಗೂ ರಜೆಯ ದಿನವೇ ಮೈ ತಿಕ್ಕುವುದು. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅಣವೀರಪ್ಪ ಕೀಬೋರ್ಡನ್ನು ಬೋರಲು ಹಾಕಿ ಬೆನ್ನ ಮೇಲೆ ತಟ್ಟುತ್ತಿದ್ದರು. ವಾರದ ರೊಟ್ಟಿಯ ಪುಡಿ ಉದುರುತ್ತಿತ್ತು. ಮೌಸಿನ ಹೊಟ್ಟೆಯ ಗುಂಡು ತೆಗೆದು, ಒಳಗಿನ ಗಾಲಿಗೆ ಸುತ್ತಿದ ಕೊಳೆಯನ್ನು ಕಡ್ಡಿಯಿಂದ ಬಿಡಿಸುತ್ತಿದ್ದರು. ಪರದೆಗೆ ಹಳೆಯ ಧೋತರದ ಚೂರು. ಆಮೇಲೆ ಯಂತ್ರ ಚಾಲೂ ಮಾಡಿ, ಒಳಗೆ ಸೇರಿದ ಬೇಡದ ಫೈಲುಗಳನ್ನು ಅಳಿಸಿ, ಚದುರಿದ್ದನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಹಚ್ಚುತ್ತಿದ್ದರು. ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು ಒಂದೊಂದಾಗಿ ಜಾಗ ಬದಲಿಸುತ್ತ ಹೋಗುತ್ತವಲ್ಲ, ಅದನ್ನು ಅವರು ತಾಸುಗಟ್ಟಲೆ ಕೂತು ನೋಡುತ್ತಿದ್ದರು. ಚಹಾ ತಂದ ಜಯದೇವಿ ಒಮ್ಮೆ, "ಏನ್ ಕಾಣ್ತದರಿ ಅದ್ರಾಗ?" ಎಂದು ಕೇಳಿದ್ದಕ್ಕೆ, "ಮೆಲುಕು ಹಾಕಾಕತ್ತದ. ಸುಮ್ಮನ ಕೂಡು" ಎಂದಿದ್ದರು.

ಕೊನೆಗೆ ಪುಸ್ತಕದ ಫೈಲುಗಳನ್ನೆಲ್ಲ ಇನ್ನೊಂದು ಫೋಲ್ಡರಿಗೆ ಕಾಪಿ ಮಾಡಿ ಮುಚ್ಚಿದರೆ ಸೋಮವಾರದ ಕೆಲಸ ಮುಗಿಯಿತು.

ಈ ಕಾಪಿಯ ಸುದ್ದಿ ಕೇಳಿ ಸಾಯಬಣ್ಣ ಹಣೆ ಹಣೆ ಬಡಿದುಕೊಂಡರು. "ಕಂಪೌಂಡರ್ ಸಾಹೇಬ್ರ, ಎರಡೂ ಕಾಪಿ ಒಂದೇ ಡಬ್ಬದಾಗ ಇಟ್ರ ಏನ್ ಫಾಯಿದಾ? ಡಬ್ಬಾ ಹೋದ್ರ ಎರಡೂ ಹೋದವು. ಫ್ಲಾಪಿ ಮ್ಯಾಲ ಹಾಕ್ರಿ, ಬ್ಯಾರೆ ಮನ್ಯಾಗ ಇಡ್ರಿ."

ಮಾತು ಅಣವೀರಪ್ಪನವರಿಗೆ ತಟ್ಟನೆ ಹಿಡಿಸಿತು. ಅವರ ಅಪ್ಪ ಬಿತ್ತುವ ಬೀಜವನ್ನು ಎಂದೂ ಒಂದೇ ಮನೆಯಲ್ಲಿ ಇಟ್ಟವರಲ್ಲ. ಯುಗಾದಿಗೆ ಊರಿಗೆ ಹೋಗುವಾಗ ಅಧ್ಯಾಯಕ್ಕೊಂದರಂತೆ ಐದು ಫ್ಲಾಪಿ ತುಂಬಿದರು. ಮೇಲೆ ಚೀಟಿ ಅಂಟಿಸಿ ಬರೆದರು: ಮೇವು, ಹೊಟ್ಟೆ, ಗೊರಸು, ಹೆಗಲು, ಕರು. ಕಮಲಾಪುರದಲ್ಲಿ ಮಲ್ಲಣ್ಣನವರ ಹೆಂಡತಿ ಗುಂಡಮ್ಮನ ಕೈಗೆ ಕೊಟ್ಟು ಒತ್ತಿ ಒತ್ತಿ ಹೇಳಿದರು: "ವೈನಿ, ಇವು ಬೀಜ ಇದ್ದಂಗ. ಬೀಜ ಕಾದಂಗ ಕಾಯ್ರಿ."

"ಆತು ತೊಗೋ, ಕಾಯ್ತೀನಿ" ಎಂದರು ಗುಂಡಮ್ಮ.

ನಿಶ್ಚಿಂತೆಯಾಯಿತು. ಎಷ್ಟು ನಿಶ್ಚಿಂತೆ ಎಂದರೆ, ಕಲಬುರಗಿಗೆ ಮರಳಿದ ಮೇಲೆ ಜಯದೇವಿ ಡೈರಿಗಳ ಗಂಟು ತೋರಿಸಿ, "ಗೆದ್ದಲ ಹತ್ತಾಕತ್ತದ, ಏನ್ ಮಾಡ್ಲಿ?" ಎಂದಾಗ ತಲೆ ಎತ್ತದೆಯೇ, "ಎಲ್ಲಾ ಕಂಪ್ಯೂಟರಿನ್ಯಾಗ ಅದ, ಊರಾಗೂ ಅದ. ನೀರೊಲಿಗಿ ಹಾಕು" ಎಂದುಬಿಟ್ಟರು. ಮೂವತ್ತೊಂದು ವರ್ಷದ ಬರಹ ಮೂರು ದಿನ ಬಚ್ಚಲ ನೀರು ಕಾಯಿಸಿತು.

ಪುಸ್ತಕ ಅಚ್ಚು ಹಾಕಲು ದತ್ತಪ್ಪನವರ ಪ್ರೆಸ್ಸು ಒಪ್ಪಿತ್ತು. ದತ್ತಪ್ಪ ಲಗ್ನಪತ್ರಿಕೆಯ ಮನುಷ್ಯ. ಮುಹೂರ್ತಗಳಿರುವ ತಿಂಗಳಲ್ಲಿ ಅವರ ಯಂತ್ರಕ್ಕೆ ಉಸಿರಾಡಲೂ ಬಿಡುವಿಲ್ಲ. "ಆಷಾಢ ಹತ್ತಿದ ಮ್ಯಾಲ ನನ್ನ ಮಷೀನ್ ಖಾಲಿ. ಆವಾಗ ತೊಗೊಂಡು ಬರ್ರಿ. ಶ್ರಾವಣ ಬಂತಂದ್ರ ಮತ್ತ ನನ್ನ ಕೇಳಬ್ಯಾಡ್ರಿ, ಮುಂದಿನ ವರ್ಷದ ಮಾತು ಅದು" ಎಂದಿದ್ದರು.

ಇನ್ನು ಕಾರಹುಣ್ಣಿಮೆಯ ದಿನದ ಮಾತು.

ಕಾರಹುಣ್ಣಿಮೆ ಎಂದರೆ ಎತ್ತುಗಳ ಹಬ್ಬ. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸುವ ದಿನ. ಪ್ರತಿ ವರ್ಷ ಕಮಲಾಪುರಕ್ಕೆ ಹೋಗುತ್ತಿದ್ದ ಅಣವೀರಪ್ಪ ಆ ವರ್ಷ ಜ್ವರ ಬಂದು ಮನೆಯಲ್ಲೇ ಉಳಿದರು. ಮಧ್ಯಾಹ್ನಕ್ಕೆ ಜ್ವರ ಬಿಟ್ಟಿತು, ಕೈ ಸುಮ್ಮನಿರಲಿಲ್ಲ. ಇಲ್ಲಿ ಹಟ್ಟಿಯಿಲ್ಲ, ಎತ್ತಿಲ್ಲ, ಆದರೆ ಮೇಜಿನ ಮೇಲೆ ಒಂದು ಇದೆಯಲ್ಲ.

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದರು. ಒಳಗೆ ಮೂರು ವರ್ಷದ ಧೂಳು. ಬ್ರಷ್ಷಿನಿಂದ ಝಾಡಿಸಿ, ಹೋಗದ ಕಡೆ ಒದ್ದೆ ಅರಿವೆಯಿಂದ ಒರೆಸಿದರು. ಹಿಂದಿನ ಫ್ಯಾನು ಆರು ತಿಂಗಳಿಂದ ಕಿರ್ ಎಂದು ಅಳುತ್ತಿತ್ತು. ಬಂಡಿಯ ಗಾಲಿ ಅತ್ತರೆ ಏನು ಮಾಡಬೇಕು ಎಂಬುದು ಅವರಿಗೆ ಗೊತ್ತಿಲ್ಲವೇ? ಹಳೆಯ ಸಿರಿಂಜು ಹುಡುಕಿ, ಅಡುಗೆಮನೆಯ ಕುಸುಬೆ ಎಣ್ಣೆ ಎಳೆದು, ಫ್ಯಾನಿನ ನಡುವಿಗೆ ಬಿಟ್ಟರು. ಅದಕ್ಕೆ ಬೇಕಾದದ್ದು ಒಂದು ಹನಿ. ಅವರು ಕೊಟ್ಟದ್ದು ಎತ್ತಿನ ಪ್ರಮಾಣ. ತಗಡು ಮುಚ್ಚಿ, ಮುಂಭಾಗಕ್ಕೆ ಮೂರು ಬೆರಳು ವಿಭೂತಿ ಎಳೆದು, "ಬಾ ಇಲ್ಲಿ, ದನಿ ಕೇಳು ಹೆಂಗ ಮೆತ್ತಗಾಗ್ಯದ" ಎಂದು ಜಯದೇವಿಯನ್ನು ಕರೆದು ಗುಂಡಿ ಒತ್ತಿದರು.

ದನಿ ನಿಜವಾಗಿಯೂ ಮೆತ್ತಗಾಗಿತ್ತು. ಹೋಳಿಗೆ ಊಟ ಮುಗಿಯುವವರೆಗೂ ಮೆತ್ತಗೇ ಇತ್ತು. ಆಮೇಲೆ ಕರಿದ ವಾಸನೆ ಬಂತು. ಜಯದೇವಿ ಒಲೆಯ ಕಡೆ ಓಡಿದರು, ಒಲೆ ಆರಿತ್ತು. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಟಪ್ ಎಂದಿತು.

ಮರುದಿನ ಸಾಯಬಣ್ಣ ಬಂದು ಡಬ್ಬ ಬಿಚ್ಚಿದರು. ಮೂಸಿ ನೋಡಿದರು. ಇನ್ನೊಮ್ಮೆ ಮೂಸಿದರು.

"ಸಾಹೇಬ್ರ, ಇದ್ರಾಗ ಭಜಿ ಕರದೀರೇನು?"

ಅಣವೀರಪ್ಪ ಮೇಜಿನ ಮೇಲಿದ್ದ ಸಿರಿಂಜನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು.

"ಕರೆಂಟ್ ಕೊಡೋ ಡಬ್ಬಿ ಸುಟ್ಟದ. ಅದು ಹೋಗ್ಲಿ. ಹೋಗೂ ಮುಂದ ಡಿಸ್ಕನ್ನೂ ಕರಕೊಂಡು ಹೋಗ್ಯದ. ಇದ್ರಾಗಿಂದು ಒಂದಕ್ಷರ ಸಿಗಂಗಿಲ್ಲ." ಆಮೇಲೆ ಅವರ ಮುಖ ನೋಡಿ ದನಿ ತಗ್ಗಿಸಿದರು. "ಊರಾಗ ಫ್ಲಾಪಿ ಇಟ್ಟೀನಿ ಅಂದಿದ್ರಲ್ಲ. ಅವನ್ನ ತರ್ರಿ. ನಾ ಬ್ಯಾರೆ ಡಬ್ಬಾ ಕೂಡಿಸಿ ಇಟ್ಟಿರ್ತೀನಿ."

ಅಣವೀರಪ್ಪ ಸಿಕ್ಕ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನೀರೊಲೆಯಲ್ಲಿ ಉರಿದ ಡೈರಿಗಳ ರಟ್ಟಿನ ಬಣ್ಣವೇ ಕಣ್ಣ ಮುಂದೆ. ಆ ಫ್ಲಾಪಿಗಳಿದ್ದರೆ ಪುಸ್ತಕ. ಇಲ್ಲದಿದ್ದರೆ ಮೂವತ್ತೊಂದು ವರ್ಷದಿಂದ ಉಳಿದದ್ದು ಗೋಡೆ ಗಡಿಯಾರವೊಂದೇ.

ಕಮಲಾಪುರದ ಮನೆಯ ಕಟ್ಟೆಯ ಮೇಲೆ ಮಲ್ಲಣ್ಣ ಬಾಳೆಗೊನೆ ಇಳಿಸಿಕೊಂಡು ಕೂತಿದ್ದರು. ಎಪ್ಪತ್ತರ ಆಸುಪಾಸಿನ ಮನುಷ್ಯ, ನಗದೆ ನಗಿಸುವವರು. ತಮ್ಮ ನಡೆದದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಒಂದೊಂದೇ ಕೆಂಪು ಹಣ್ಣಿನ ಚಿಪ್ಪು ಬಿಡಿಸುತ್ತ ಕೇಳಿದರು.

"ಎತ್ತಿಗಿ ಎಣ್ಣಿ ಕುಡಿಸೋದು ನೋಡೀನಿ. ಹೊಟ್ಟಿ ಉಬ್ಬಿತ್ತೇನಪಾ ಅದಕ್ಕ?"

"ಅಣ್ಣಾ, ಚಾಷ್ಟಿ ಸಾಕು. ವೈನಿ ಎಲ್ಲಿ?"

ಗುಂಡಮ್ಮ ಒಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ಕೈಗೆ ಹತ್ತಿದ ಹಿಟ್ಟು ಒರೆಸುತ್ತ ಬಂದು, "ಅಂಜಬ್ಯಾಡ, ನಿನ್ನ ಬೀಜ ಗಟ್ಟಿ ಅದಾವ" ಎಂದು ಕತ್ತಲೆ ಕೋಣೆಗೆ ಕರೆದೊಯ್ದರು. ಮೂಲೆಯಲ್ಲಿ ಸಾಲಾಗಿ ಬೀಜದ ಗಡಿಗೆಗಳು, ಬಾಯಿಗೆ ಕೆಸರು ಮೆತ್ತಿ ಮುಚ್ಚಿದ್ದವು. ಕೊನೆಯದರ ಬಾಯಿ ಒಡೆದು ಗುಂಡಮ್ಮ ಮೊಳಕೈವರೆಗೆ ಕೈ ಇಳಿಸಿದರು. ಮೊದಲು ಒಣಗಿದ ಬೇವಿನ ಎಲೆ ಬಂತು. ಆಮೇಲೆ ಒಂದು ಹಿಡಿ ಬೂದಿ. ಆಮೇಲೆ, ಬೂದಿ ಸುರಿಸುತ್ತ, ಮೇವು.

ಅಣವೀರಪ್ಪ ಅಲ್ಲೇ ಕುಕ್ಕರಿಸಿದರು. "ವೈನಿ, ಇದೇನ್ ಮಾಡೀರಿ?"

"ಏನ್ ಮಾಡೀನಿ? ಬೀಜ ಕಾದಂಗ ಕಾಯಿ ಅಂದಿ, ಕಾದೀನಿ. ಸೆಗಣಿ ಕುಳ್ಳಿನ ಬೂದಿ ಅರಿವ್ಯಾಗ ಜರಡಿ ಹಿಡದು ಹಾಕೀನಿ, ಮೈದಾ ಹಿಟ್ಟಿನಂಗ ಅದ. ನೋಡು, ಒಂದು ಹುಳ ಹತ್ತಿಲ್ಲ."

"ಹುಳ ಇದಕ್ಕ ಹತ್ತಂಗಿಲ್ಲ ವೈನಿ. ಇದಕ್ಕ ಧೂಳ ಹತ್ತಬಾರದು."

"ಮತ್ತ ಹಂಗ ಹೇಳಬೇಕಿತ್ತಪಾ. ಧೂಳ ಹತ್ತಬಾರದು ಅಂದಿದ್ರ ದೇವ್ರ ಜಗಲಿ ಮ್ಯಾಲ ಇಡ್ತಿದ್ದೆ. ನೀ ಬೀಜ ಅಂದಿ."

ಕಂಪೌಂಡರು ಚೀಟಿ ಬರೆದ ಹಾಗೆಯೇ ಔಷಧಿ ಕೊಟ್ಟಿದ್ದರು ಗುಂಡಮ್ಮ, ತಪ್ಪಿದ್ದು ಚೀಟಿಯಲ್ಲೇ. ಹೊರಡುವಾಗ ಆಕೆ ಐದನ್ನೂ ಒಂದೊಂದಾಗಿ ಸೆರಗಿನಿಂದ ಒರೆಸಿ, ಮೆತ್ತಗಿನ ಅರಿವೆಯಲ್ಲಿ ಸುತ್ತಿಕೊಟ್ಟರು. ಮುಖದಲ್ಲಿ ಮೊದಲಿನ ಗೆಲುವು ಇರಲಿಲ್ಲ.

ಸಾಯಬಣ್ಣ ಫ್ಲಾಪಿಯ ತಗಡಿನ ಬಾಗಿಲು ಸರಿಸಿ ನೋಡಿದರು. ಒಳಗಿನ ಕಪ್ಪು ತಟ್ಟೆಯ ಮೇಲೆ ಬೂದಿಯ ತೆಳು ಪದರ. "ಹಿಂಗೇ ಹಾಕಿದ್ರ ಅಕ್ಷರ ಎಲ್ಲಾ ಉಜ್ಜಿ ಹೋಗ್ತದ" ಎಂದು ತಲೆ ಕೆರೆದುಕೊಂಡರು. "ಚಿಪ್ಪು ಬಿಚ್ಚಿ, ಒಳಗಿನ ತಟ್ಟಿ ಹೊರಗ ತಗದು, ಒರೆಸಿ, ಹೊಸಾ ಚಿಪ್ಪಿನ್ಯಾಗ ಹಾಕಬೇಕು. ನನ್ನ ಕೈ ಬೆಸುಗಿ ಹಾಕೋ ಕೈರಿ ಸಾಹೇಬ್ರ, ನಡುಗ್ತದ."

"ಸ್ಪಿರಿಟ್ ಅದ ಏನು? ಹತ್ತಿ?" ಎಂದರು ಅಣವೀರಪ್ಪ, ಅಂಗಿಯ ತೋಳು ಮಡಚುತ್ತ.

ಹೊರಗೆ ದರ್ಗಾಕ್ಕೆ ಬಂದವರ ಗದ್ದಲ, ಹೂವಿನವರ ಕೂಗು. ಒಳಗೆ ಅಣವೀರಪ್ಪ ಕರುವಿನ ಕಣ್ಣಿನ ಕಸ ತೆಗೆಯುವ ಕೈಯಲ್ಲಿ ಹತ್ತಿಯ ಉಂಡೆ ಸ್ಪಿರಿಟಿಗೆ ಅದ್ದಿ, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಒರೆಸುತ್ತ ಹೋದರು. ಒಂದೊಂದು ತಟ್ಟೆಗೂ ಮುಕ್ಕಾಲು ತಾಸು. ಸಾಯಬಣ್ಣ ಗಾಳಿ ಬರಬಾರದೆಂದು ಫ್ಯಾನ್ ಬಂದ್ ಮಾಡಿ, ಬೆವರುತ್ತ ಪಕ್ಕದಲ್ಲಿ ನಿಂತಿದ್ದರು.

ಮೇವು ತೆರೆಯಿತು. ಪರದೆಯ ಮೇಲೆ ತಮ್ಮದೇ ವಾಕ್ಯ ಕಂಡು ಅಣವೀರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಹೊಟ್ಟೆ ತೆರೆಯಿತು. ಗೊರಸು ಎರಡು ಸಲ ಕೆಮ್ಮಿ ತೆರೆಯಿತು. ಕರು ಸಲೀಸಾಗಿ ಬಂತು. ಹೆಗಲು ಮಾತ್ರ ಕರಕರ ಎಂದಿತು. ಹೊರಗೆ ತೆಗೆದು ಮತ್ತೆ ಒರೆಸಿದರು, ಮತ್ತೆ ಹಾಕಿದರು. ಮೂರನೆಯ ಸಲ ತಟ್ಟೆಯ ಮೇಲೆ ಗೀರು ಬರಿಗಣ್ಣಿಗೇ ಕಾಣುತ್ತಿತ್ತು.

"ನಾಕು ಉಳದಾವ" ಎಂದರು ಸಾಯಬಣ್ಣ. ಅಂದೇ ನಾಲ್ಕನ್ನೂ ಡಿಸ್ಕಿಗೆ ಹಾಕಿ, ಎರಡು ಸಿ.ಡಿ.ಗೂ ಬರೆದು, ಒಂದನ್ನು ತಮ್ಮ ಅಂಗಡಿಯ ಕಪಾಟಿನಲ್ಲೇ ಇಟ್ಟುಕೊಂಡರು. "ಇದು ನನ್ನ ಕಡೆ ಇರ್ಲಿ. ನೀವು ಇದಕ್ಕ ಏನಂತ ಹೆಸರಿಡೋದೂ ಬ್ಯಾಡ."

ಹೆಗಲಿನ ಅಧ್ಯಾಯ ಮೂವತ್ತು ಪುಟದ್ದು. ನೊಗ ಉಜ್ಜಿ ಎತ್ತಿನ ಹೆಗಲು ಬಾತುಕೊಳ್ಳುವುದು, ಹುಣ್ಣಾಗುವುದು, ಅದಕ್ಕೆ ಮದ್ದು. ಉಳುವವನಿಗೆ ಅದಕ್ಕಿಂತ ಬೇಕಾದದ್ದು ಇನ್ನಾವುದಿದೆ? ಆಷಾಢಕ್ಕೆ ಎಂಟು ದಿನ ಉಳಿದಿತ್ತು. ಅಣವೀರಪ್ಪ ನೆನಪಿನಿಂದ ಬರೆಯಲು ಕೂತರು. ಮುಲಾಮಿನ ಹೆಸರು ಬಂತು, ಪ್ರಮಾಣ ಬಂತು. ಒಂದೂವರೆ ಪುಟಕ್ಕೆ ಮಾತು ಮುಗಿದುಹೋಯಿತು. ಎರಡು ದಿನ ಹೀಗೇ ಕೂತದ್ದನ್ನು ನೋಡಿ ಜಯದೇವಿ ಪಕ್ಕಕ್ಕೆ ಬಂದು ಕೂತರು.

"ನಿಮ್ಮಣ್ಣಾರನ್ನ ಕೇಳಬಾರದೇನ್ರಿ?"

"ಅಂವಗೇನ್ ಗೊತ್ತು ಔಷಧಿ?"

"ಔಷಧಿ ಗೊತ್ತಿಲ್ಲ ಖರೆ. ನೀವು ಬಾವು ಬಂದ ಮ್ಯಾಲ ನೋಡಿದವ್ರು, ಅವರು ಬರೂಕಿಂತ ಮೊದಲ ನೋಡಿದವ್ರು. ಅವರ ಎತ್ತು ಒಂದರೆ ನಿಮ್ಮ ದವಾಖಾನಿಗಿ ಹೆಗಲ ಹಿಡಕೊಂಡು ಬಂದಿತ್ತೇನು?"

ಅಣವೀರಪ್ಪನವರಿಗೆ ಇದು ಸ್ವಲ್ಪ ಚುಚ್ಚಿತು. ಮನೆಯಲ್ಲಿ ಓದಿದವನು ತಾನು, ಸರಕಾರಿ ಕೋಟು ಹಾಕಿದವನು ತಾನು. ಆದರೆ ನೆನೆದು ನೋಡಿದರೆ, ಮೂವತ್ತೊಂದು ವರ್ಷದಲ್ಲಿ ಅಣ್ಣನ ಒಂದು ಎತ್ತೂ ಹೆಗಲ ಹುಣ್ಣಿಗೆಂದು ಬಂದದ್ದಿಲ್ಲ. ಮರುದಿನ ನೋಟುಬುಕ್ಕು ಹಿಡಿದು ಕಮಲಾಪುರದ ಬಸ್ಸು ಹತ್ತಿದರು.

"ನಂದೇನಪಾ ಪುಸ್ತಕ?" ಎಂದು ಮಲ್ಲಣ್ಣ ಮೊದಲು ಸರಿದುಕೊಂಡರು. "ನೀ ದೊಡ್ಡ ದವಾಖಾನಿಯಾಂವ."

"ಅಣ್ಣಾ, ನನಗ ಬರವಲ್ದು. ಹೇಳು."

ಮಲ್ಲಣ್ಣ ತಮಾಷೆ ಬಿಟ್ಟು ಎದ್ದರು. ಹಟ್ಟಿಗೆ ಕರೆದೊಯ್ದು, ತಮ್ಮನ ಬಲಗೈ ಹಿಡಿದು ನೊಗದ ಎಡಕ್ಕೆ ಹೂಡುವ ಎತ್ತಿನ ಹೆಗಲ ಮೇಲೆ ಇಟ್ಟರು. "ಕಣ್ಣು ಮುಚ್ಚು. ಈಗ ಆ ಕಡೀ ಎತ್ತಿಂದು ಮುಟ್ಟು. ಎರಡೂ ಸರೀ ಅದಾವೇನು, ಒಂದು ಬೆಚ್ಚಗ ಅನಸ್ತದೇನು? ದಿನಾ ಮುಂಜಾನಿ ಹೂಡೂಕಿಂತ ಮೊದಲ ಹಿಂಗ ನೋಡಬೇಕು. ಕಣ್ಣಿಗಿ ಕಾಣೂಕಿಂತ ಎರಡು ದಿನ ಮೊದಲ ಕೈಗಿ ಗೊತ್ತಾಗ್ತದ."

ಅಣವೀರಪ್ಪ ಬರೆದುಕೊಂಡರು. ಯಾವ ಮಣ್ಣಿಗೆ ಯಾವ ನೊಗ, ಎಡದ ಎತ್ತನ್ನು ಬಲಕ್ಕೆ ಯಾವಾಗ ಕಟ್ಟಬೇಕು, ಮಳೆಯಲ್ಲಿ ನೆನೆದ ಹೆಗಲ ಮೇಲೆ ಯಾಕೆ ಭಾರ ಇಡಬಾರದು. ಮಲ್ಲಣ್ಣ ಎಲ್ಲಾದರೂ ಬಿಟ್ಟರೆ ಹಟ್ಟಿಯ ಬಾಗಿಲಿಂದ ಗುಂಡಮ್ಮ ಸೇರಿಸುತ್ತಿದ್ದರು: "ನೊಗಕ್ಕ ಕಂಬಳಿ ಸುತ್ತೋದು ಹೇಳ್ರಿ. ಅದನ್ನ ಹೊಲಿಯೋದು ನಾನು, ಅದಕ್ಕ ಮರತೀರಿ." ಎರಡು ದಿನ ಅಲ್ಲೇ ಉಳಿದರು. ಕಲಬುರಗಿಗೆ ಬಂದು ಟೈಪ್ ಮಾಡಿದಾಗ ಮೂವತ್ತೆಂಟು ಪುಟವಾಯಿತು. ಮುಲಾಮು ಕೊನೆಯ ಒಂದೂವರೆ ಪುಟಕ್ಕೆ ಹೋಗಿ ಕೂತಿತು.

ಆಷಾಢದ ಎರಡನೆಯ ವಾರ ಪ್ರೂಫು ಬಂತು. ಅಣವೀರಪ್ಪ ಹೆಗಲಿನ ಹಾಳೆಗಳನ್ನು ಅಣ್ಣನಿಗೆ ತೋರಿಸದೆ ಬಿಡಲಿಲ್ಲ. ಮಲ್ಲಣ್ಣ ಎರಡನೇ ಇಯತ್ತೆಯವರೆಗೆ ಓದಿದವರು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಮಧ್ಯಾಹ್ನ ಊಟವಾದ ಮೇಲೆ ಓದತೊಡಗಿದರು. ಏಳನೆಯ ಪುಟದಲ್ಲಿ ಬೆರಳು ನಿಂತಿತು.

"ತಮ್ಮಾ, ಹೆಗಲು ಬಿಸಿ ಆಗಿದ್ರ ಆ ದಿನ ಹೂಡಬಾರದು ಅಂತ ಹಾಕೀದಿ. ನಾ ಬೆಚ್ಚಗ ಅಂದಿದ್ದೆ."

"ಎರಡೂ ಅದೇ ಅಲ್ಲೇನು?"

"ಹೆಂಗ ಅದೇ ಆಗ್ತದ? ಬಿಸಿ ಆಗೂತನಾ ಕಾದ್ರ ಒಳಗ ಬಾವು ಕೂತಿರ್ತದ. ನಿನ್ನ ಪುಸ್ತಕ ನಂಬಿ ಯಾವನೋ ಬೆಚ್ಚಗಿದ್ದ ದಿನ ಹೂಡ್ಯಾನು."

ಅಣವೀರಪ್ಪ ಗಡಿಯಾರ ನೋಡಿದರು. ಆ ಪುಟಗಳಿರುವ ಫಾರಂ ಅಂದೇ ಸಂಜೆ ಅಚ್ಚಿನ ಯಂತ್ರಕ್ಕೆ ಹೋಗುವುದಿತ್ತು. ಚಹಾವನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹಿಡಿದರು. ಪ್ರೆಸ್ಸಿಗೆ ಮುಟ್ಟಿದಾಗ ದತ್ತಪ್ಪ ಕಾಗದ ಎಣಿಸಿ ಜೋಡಿಸುತ್ತಿದ್ದರು.

"ಒಂದು ಶಬ್ದಕ್ಕ ಕಮಲಾಪುರದಿಂದ ಓಡಿ ಬಂದೀರೇನ್ರಿ?" ಎಂದು ಗೊಣಗಿದರು. "ಲಗ್ನಪತ್ರಿಕ್ಯಾಗ ವರನ ಹೆಸರು ತಪ್ಪಿದ್ರೂ ಮಂದಿ ಇಷ್ಟು ಗಾಬರಿ ಆಗಂಗಿಲ್ಲ." ಆದರೂ ಪ್ಲೇಟು ಬದಲಿಸಲು ಹೇಳಿದರು.

ಹೊಸ ಪ್ಲೇಟು ಬರುವವರೆಗೆ ಅಣವೀರಪ್ಪ ಯಂತ್ರದ ಪಕ್ಕದ ಸ್ಟೂಲಿನ ಮೇಲಿಂದ ಏಳಲಿಲ್ಲ. ಯಂತ್ರ ಒಂದು ಸಲ ನಿಟ್ಟುಸಿರು ಬಿಟ್ಟು ಓಡತೊಡಗಿತು. ಮೊದಲ ಹಾಳೆ ಹೊರಬಿದ್ದದ್ದೇ ಎತ್ತಿ ಹಿಡಿದರು, ಮಸಿ ಇನ್ನೂ ಹಸಿಯಾಗಿತ್ತು. ಹೆಗಲಿನ ಏಳನೆಯ ಪುಟ ಹುಡುಕಿ, ಅಣ್ಣನ ಹಾಗೆಯೇ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಹೆಗಲು ಬೆಚ್ಚಗಿದ್ದರೆ ಆ ದಿನ ಹೂಡಬಾರದು ಎಂದಿತ್ತು. ಹಾಳೆಯನ್ನು ಮಸಿ ಒರೆಸಿಹೋಗದ ಹಾಗೆ ಸಡಿಲವಾಗಿ ಸುತ್ತಿಕೊಂಡು, ಕಮಲಾಪುರಕ್ಕೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ದತ್ತಪ್ಪನವರನ್ನು ಕೇಳಿದರು.